ಹೊರದೇಶದಲ್ಲಿ ಹಡಗಿನ ಓದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೊರದೇಶದ ಮೆರಿಟೈಮ್ ಕಾಲೇಜುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಡೆಕ್ ಆಫೀಸರ್ (ಹಡಗನ್ನು ನಡೆಸುವ ಅಧಿಕಾರಿ) ಆಗಬೇಕೆಂದಿದ್ದೇನೆ. ಹೊರದೇಶದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. "ಎಸ್‌ಟಿಸಿಡಬ್ಲ್ಯೂ ಮಾನ್ಯತೆ ಇದೆ, ಪದವಿ ಕೈಗೆ ಬಂದರೆ ಜಗತ್ತಿನ ಯಾವ ಹಡಗಿನಲ್ಲಾದರೂ ಕೆಲಸ" ಎನ್ನುತ್ತಾರೆ ಏಜೆಂಟ್. ನಂಬಬಹುದೇ?

ಮಾತಿನ ಮೊದಲರ್ಧ ನಿಜವಿದ್ದೀತು. ಎರಡನೆಯದು ಮಾತ್ರ ಖಂಡಿತ ಅಲ್ಲ.

ನೀವು ಆಫೀಸರ್ ಆಗುವ ದಾರಿಯಲ್ಲಿ ಮೂರು ಬಾಗಿಲುಗಳಿವೆ, ಮೂರರ ಕೀಲಿಯೂ ಬೇರೆಬೇರೆಯವರ ಕೈಯಲ್ಲಿದೆ. ಪದವಿ ಕೊಡುವುದು ಕಾಲೇಜು. ಆಫೀಸರ್ ಆಗಿ ಕೆಲಸ ಮಾಡಲು ಬೇಕಾದ ಅರ್ಹತಾಪತ್ರ, ಅಂದರೆ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸಿ (ಸಿಒಸಿ) ಕೊಡುವುದು ಸರ್ಕಾರದ ನೌಕಾ ಆಡಳಿತ. ಹಡಗು ಹತ್ತಿಸುವುದು ಕಂಪನಿ. ಶುಲ್ಕ ಕಟ್ಟಿದರೆ ತೆರೆಯುವುದು ಮೊದಲ ಬಾಗಿಲೊಂದೇ. ಎಸ್‌ಟಿಸಿಡಬ್ಲ್ಯೂ ಎಂಬುದು ನಾವಿಕರ ತರಬೇತಿಗೆ 1978ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ. 2010ರಲ್ಲಿ ಮನಿಲಾದಲ್ಲಿ ದೊಡ್ಡ ತಿದ್ದುಪಡಿ ಕಂಡಿತು. ಅದು ಕನಿಷ್ಠ ಮಟ್ಟವನ್ನು ಹೇಳುತ್ತದೆ, ನೌಕರಿಯ ಭರವಸೆ ಕೊಡುವುದಿಲ್ಲ. "ವೈಟ್ ಲಿಸ್ಟ್‌ನಲ್ಲಿದ್ದೇವೆ" ಎಂದು ಕಾಲೇಜುಗಳು ಜಾಹೀರಾತು ಹಾಕುವುದುಂಟು. ಒಪ್ಪಂದವನ್ನು ಸರಿಯಾಗಿ ಪಾಲಿಸುವವರ ಆ ಪಟ್ಟಿಯಲ್ಲಿರುವುದು ದೇಶಗಳ ಹೆಸರು, ಕಾಲೇಜುಗಳದ್ದಲ್ಲ.

ಹಣ ಕಟ್ಟುವ ಮುಂಚೆ ಮೂರು ಇಮೇಲ್ ಬರೆಯಿರಿ. ಮೊದಲನೆಯದು ಕಾಲೇಜಿರುವ ದೇಶದ ನೌಕಾ ಆಡಳಿತಕ್ಕೆ: ಈ ಹೆಸರಿನ ಈ ಕೋರ್ಸು ಆ ಒಪ್ಪಂದದ ನಿಯಮ 2/1ರ ಅಡಿಯಲ್ಲಿ ಅನುಮೋದಿತವೇ, ವಿದೇಶಿ ಪ್ರಜೆಗೆ ನೀವು ಸಿಒಸಿ ಕೊಡುತ್ತೀರಾ? ಎರಡನೆಯದು ನಿಮ್ಮ ದೇಶದ ಆಡಳಿತಕ್ಕೆ: ಆ ದೇಶದ ಸಿಒಸಿಯನ್ನು ನಿಯಮ 1/10ರ ಅಡಿಯಲ್ಲಿ ಮಾನ್ಯ ಮಾಡುತ್ತೀರಾ, ಇಲ್ಲದಿದ್ದರೆ ಅಲ್ಲಿನ ಓದು ಮತ್ತು ಸೀ ಟೈಮ್ (ಹಡಗಿನ ಮೇಲೆ ಕಳೆದ ತರಬೇತಿ ಅವಧಿ) ಹಿಡಿದು ನಿಮ್ಮ ಪರೀಕ್ಷೆಗೆ ಕೂರಬಹುದೇ? ಮೂರನೆಯದು ಕಾಲೇಜಿಗೆ: ತರಬೇತಿಯ ಹಡಗನ್ನು ಹುಡುಕಿಕೊಡುವವರು ನೀವೋ ನಾನೋ, ಕಳೆದ ಎರಡು ಬ್ಯಾಚಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ಹಡಗು ಸಿಕ್ಕಿತು? ಮೂರಕ್ಕೂ ಉತ್ತರ ಬರಹದಲ್ಲೇ ಬರಲಿ. ಮೂರನೆಯ ಪ್ರಶ್ನೆಗೆ ಕಾಲೇಜು ಸುತ್ತಿಬಳಸಿ ಮಾತಾಡಿದರೆ, ಅದನ್ನೇ ಉತ್ತರ ಎಂದುಕೊಳ್ಳಿ.

ಒಂದು ಉದಾಹರಣೆ. ಅಮೆರಿಕದಲ್ಲಿ ಹಡಗಿನ ಆಫೀಸರ್ ಲೈಸೆನ್ಸ್ ಸಿಗುವುದು ಅಲ್ಲಿನ ಪ್ರಜೆಗಳಿಗೆ ಮಾತ್ರ. ಅಲ್ಲಿನ ಮೆರಿಟೈಮ್ ಅಕಾಡೆಮಿಯಲ್ಲಿ ಪಾಠ ಎಷ್ಟೇ ಚೆನ್ನಾಗಿರಲಿ, ಹೊರಗಿನವರಿಗೆ ಅದರಿಂದ ಅಲ್ಲಿನ ಲೈಸೆನ್ಸ್ ಬರುವುದಿಲ್ಲ. ಬಂದರು, ಲಾಜಿಸ್ಟಿಕ್ಸ್, ಹಡಗು ವಿನ್ಯಾಸದಂಥ ದಡದ ಕೆಲಸಕ್ಕಾದರೆ ಅದೇ ಪದವಿ ಸೊಗಸು. ಸ್ವೀಡನ್ನಿನ ಮಾಲ್ಮೋದಲ್ಲಿರುವ ವರ್ಲ್ಡ್ ಮೆರಿಟೈಮ್ ಯೂನಿವರ್ಸಿಟಿಯ ಬಗ್ಗೆಯೂ ಹಲವರು ಕೇಳಿದ್ದೀರಿ. 1983ರಲ್ಲಿ ಐಎಂಒ (ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸ್ಥಾಪಿಸಿದ ಅದು ಸ್ನಾತಕೋತ್ತರ ಓದಿನ ಜಾಗ. ಕೆಡೆಟ್, ಅಂದರೆ ತರಬೇತಿಯ ಆಫೀಸರ್ ಆಗಲು ಅಲ್ಲಿಗೆ ಹೋಗುವಂತಿಲ್ಲ.

ಪ್ರಶ್ನೆ: ಕನ್ನಡಕ ಹಾಕುತ್ತೇನೆ. ಬಣ್ಣ ಗುರುತಿಸುವಲ್ಲೂ ಕೊಂಚ ಅನುಮಾನವಿದೆ. ಡೆಕ್ ಆಗದಿದ್ದರೆ ಎಂಜಿನ್ ಕೋರ್ಸ್ ಸೇರಿಕೊಳ್ಳಲೇ?

ಕನ್ನಡಕ ಅಡ್ಡಿಯಲ್ಲ. ಕನ್ನಡಕ ಹಾಕಿ ಡೆಕ್‌ಗೆ ಪ್ರತಿ ಕಣ್ಣಿಗೂ ಕನಿಷ್ಠ 0.5, ಎಂಜಿನ್‌ಗೆ 0.4 ದೂರ ನೋಡುವ ಶಕ್ತಿ (1.0 ಎಂದರೆ ಸಾಮಾನ್ಯ ದೃಷ್ಟಿ) ಇರಬೇಕು ಎನ್ನುತ್ತದೆ ಎಸ್‌ಟಿಸಿಡಬ್ಲ್ಯೂ. ಕೆಲವು ದೇಶಗಳು ಇದಕ್ಕಿಂತ ಬಿಗಿ. ಹಡಗಿಗೆ ಹೋಗುವಾಗ ಇನ್ನೊಂದು ಜೊತೆ ಕನ್ನಡಕ ಇರಲೇಬೇಕು.

ತೊಡಕಿರುವುದು ಬಣ್ಣದಲ್ಲಿ. ರಾತ್ರಿ ಎದುರಿನ ಹಡಗಿನ ಕೆಂಪು ದೀಪ ಕಂಡಿತೋ ಹಸಿರೋ ಎಂಬುದರ ಮೇಲೆ ಅದರ ಯಾವ ಮಗ್ಗುಲು ನಿಮ್ಮತ್ತ ಇದೆ ಎಂಬುದು ತಿಳಿಯುತ್ತದೆ. ಹಾಗಾಗಿ ಡೆಕ್‌ನಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಎಂಜಿನ್ ವಿಭಾಗದ ಅಳತೆ ಸ್ವಲ್ಪ ಸಡಿಲ ನಿಜ. ಆದರೆ ಅಲ್ಲೂ ತಂತಿ, ಪೈಪು, ಸೂಚಕ ದೀಪಗಳ ಬಣ್ಣ ಗೊತ್ತಾಗಬೇಕು, ಪರೀಕ್ಷೆ ಇದ್ದೇ ಇದೆ. "ಡೆಕ್ ತಪ್ಪಿದರೆ ಎಂಜಿನ್" ಎಂಬುದು ಎಲ್ಲರಿಗೂ ದಕ್ಕುವ ದಾರಿಯಲ್ಲ. ಬಣ್ಣ ಸರಿಪಡಿಸುವ ಲೆನ್ಸ್ ಹಾಕಿಕೊಂಡು ಕೂತರೆ ಪರೀಕ್ಷೆಯೇ ಅಸಿಂಧು.

ಕಾಲೇಜಿನ ಪ್ರವೇಶ ವೈದ್ಯಕೀಯವನ್ನು ನಂಬಿ ಕೂರಬೇಡಿ. ಸಿಒಸಿ ಕೊಡುವ ಆಡಳಿತ ಮಾನ್ಯ ಮಾಡಿದ ವೈದ್ಯರ ಬಳಿಯೇ ಶುಲ್ಕ ಕಟ್ಟುವ ಮುಂಚೆ ತೋರಿಸಿಕೊಳ್ಳಿ. ವೈದ್ಯಕೀಯ ಪ್ರಮಾಣಪತ್ರದ ಗರಿಷ್ಠ ಅವಧಿ 2 ವರ್ಷ, 18 ತುಂಬದವರಿಗೆ 1 ವರ್ಷ, ಬಣ್ಣದೃಷ್ಟಿಯ ಭಾಗಕ್ಕೆ 6 ವರ್ಷ. ಹಡಗು ಹತ್ತುವ ದಿನ ಅದರಲ್ಲಿ ಎರಡು ತಿಂಗಳಷ್ಟೇ ಉಳಿದಿದ್ದರೆ ಕಂಪನಿ ನಿಮ್ಮನ್ನು ಬಿಟ್ಟು ಇನ್ನೊಬ್ಬರನ್ನು ಕಳಿಸುತ್ತದೆ.

ಪ್ರಶ್ನೆ: 12 ತಿಂಗಳ ಸೀ ಟೈಮ್ ಮುಗಿಸಿ ಬಂದ ಸೀನಿಯರ್ ಒಬ್ಬರ ಸಿಒಸಿ ಅರ್ಜಿ ತಿರಸ್ಕೃತವಾಯಿತಂತೆ. ಯಾಕೆ ಹೀಗಾಗುತ್ತದೆ?

ಸಾಮಾನ್ಯವಾಗಿ ಎಡವುವುದು ಮೂರು ಕಡೆ: ದಿನದ ಲೆಕ್ಕ, ವಾಚ್‌ನ (ಪಾಳಿ ಕಾವಲಿನ) ಉಲ್ಲೇಖ, ಕಲಿತ ಕೆಲಸಗಳಿಗೆ ಸಹಿ ಬೀಳುವ ಟ್ರೇನಿಂಗ್ ರೆಕಾರ್ಡ್ ಬುಕ್.

ದಿನದ ಲೆಕ್ಕವನ್ನೇ ನೋಡಿ. ಒಬ್ಬ ಕೆಡೆಟ್ ಮೊದಲ ಹಡಗಿನಲ್ಲಿ ಜನವರಿ 10ರಿಂದ ಜೂನ್ 28ರವರೆಗೆ, ಎರಡನೆಯದರಲ್ಲಿ ಸೆಪ್ಟೆಂಬರ್ 15ರಿಂದ ಮಾರ್ಚ್ 12ರವರೆಗೆ ಇದ್ದ ಎನ್ನಿ. "ಐದೂವರೆ ಮತ್ತು ಆರು, ಹತ್ತಿರಹತ್ತಿರ ಹನ್ನೆರಡು" ಎಂದು ಬಾಯಿಲೆಕ್ಕ ಹಾಕಿ ಸೈನ್ ಆಫ್ ಆಗಿ, ಅಂದರೆ ಹಡಗಿನಿಂದ ಇಳಿದು ಬಿಡುತ್ತಾನೆ. ಎರಡೂ ತುದಿಯ ದಿನ ಸೇರಿಸಿ ಎಣಿಸಿದರೆ 170 ಮತ್ತು 179, ಒಟ್ಟು 349. ತಿಂಗಳಿಗೆ 30 ದಿನವೆಂದು ಎಣಿಸುವ ಆಡಳಿತದ ಮುಂದೆ 11 ದಿನ ಕಡಿಮೆ, ಪೂರ್ತಿ ವರ್ಷ ಕೇಳುವವರ ಮುಂದೆ 16 ದಿನ ಕಡಿಮೆ. ಹನ್ನೊಂದು ದಿನಕ್ಕೆಂದು ಯಾರೂ ಹಡಗು ಕೊಡುವುದಿಲ್ಲ. ಮತ್ತೊಂದು ಪೂರ್ತಿ ಕಾಂಟ್ರ್ಯಾಕ್ಟಿಗೆ ಕಾಯಬೇಕು. ಎಣಿಕೆ ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ ಮಾತ್ರ. ವಿಮಾನದಲ್ಲಿ, ಹೋಟೆಲಿನಲ್ಲಿ ಕಳೆದ ದಿನಗಳು ಸೇರುವುದಿಲ್ಲ. ಎರಡನೆಯ ಹಡಗಿನಿಂದ ಇಳಿಯುವ ಎರಡು ತಿಂಗಳ ಮುಂಚೆಯೇ ಲೆಕ್ಕ ಮಾಡಿ, 15 ದಿನ ಹೆಚ್ಚೇ ಇರುವಂತೆ ನೋಡಿಕೊಳ್ಳಿ. ಹಡಗು 500 ಗ್ರಾಸ್ ಟನ್ನೇಜಿಗೆ (ಹಡಗಿನ ಗಾತ್ರದ ಅಳತೆ), ಎಂಜಿನ್‌ನವರಾದರೆ ಮುಖ್ಯ ಯಂತ್ರ 750 ಕಿಲೋವ್ಯಾಟ್‌ಗೆ ಕಡಿಮೆಯಿದ್ದರೆ ಆ ಅವಧಿ ಎಣಿಕೆಗೆ ಬರುತ್ತದೆಯೇ ಎಂದು ಹತ್ತುವ ಮುಂಚೆಯೇ ಕೇಳಿ.

ಇನ್ನು ವಾಚ್. ಆ 12 ತಿಂಗಳಲ್ಲಿ ಕನಿಷ್ಠ 6 ತಿಂಗಳು ಆಫೀಸರ್ ಮೇಲ್ವಿಚಾರಣೆಯಲ್ಲಿ ಬ್ರಿಡ್ಜ್ (ಹಡಗು ನಡೆಸುವ ಕೋಣೆ) ವಾಚ್ ಮಾಡಿರಬೇಕು, ಎಂಜಿನ್‌ನವರು ಎಂಜಿನ್ ರೂಮ್ ವಾಚ್. ಕೆಡೆಟ್‌ಗಳನ್ನು ದಿನವಿಡೀ ತುಕ್ಕು ಕೆರೆಯಲು, ಬಣ್ಣ ಬಳಿಯಲು ಹಚ್ಚುವ ಹಡಗುಗಳಿಗೇನೂ ಬರವಿಲ್ಲ. ಎರಡನೆಯ ತಿಂಗಳಾದರೂ ವಾಚ್ ಸಿಗದಿದ್ದರೆ ಚೀಫ್ ಆಫೀಸರ್ ಹತ್ತಿರ ರೆಕಾರ್ಡ್ ಬುಕ್ ತೆಗೆದುಕೊಂಡು ಹೋಗಿ ಕೇಳಿ. ದೂರಿನ ದನಿ ಬೇಡ, ಪುಟ ತೋರಿಸಿದರೆ ಸಾಕು. ಇಳಿಯುವಾಗ ಕ್ಯಾಪ್ಟನ್ ಕೊಡುವ ಪತ್ರದಲ್ಲಿ ವಾಚ್‌ನ ಅವಧಿ ದಿನಾಂಕ ಸಮೇತ ಬರೆದಿರಬೇಕು. "ಒಳ್ಳೆಯ ಹುಡುಗ, ಶ್ರಮಜೀವಿ" ಎಂದಷ್ಟೇ ಬರೆದ ಪತ್ರ ಪರೀಕ್ಷೆಗೆ ಬರುವುದಿಲ್ಲ.

ರೆಕಾರ್ಡ್ ಬುಕ್‌ನಲ್ಲಿ ಅಧಿಕಾರಿಗಳ ಕಣ್ಣಿಗೆ ಮೊದಲು ಬೀಳುವುದು ಒಂದೇ ದಿನ, ಒಂದೇ ಪೆನ್ನಿನಲ್ಲಿ ಬಿದ್ದ ನಲವತ್ತು ಸಹಿ. ಕೆಲಸ ಮುಗಿದ ವಾರದೊಳಗೆ ಸಹಿ ಹಾಕಿಸಿ, ಪುರಾವೆಯನ್ನೂ ಜೊತೆಗಿಡಿ. ಸೂರ್ಯನನ್ನು ನೋಡಿ ಕಂಪಾಸಿನ ತಪ್ಪು ಕಂಡುಹಿಡಿದಿರಿ ಎನ್ನಿ: ತಾರೀಕು, ಯುಟಿಸಿ ಸಮಯ, ಹಡಗಿನ ಅಕ್ಷಾಂಶ ರೇಖಾಂಶ, ಜೈರೋ (ವಿದ್ಯುತ್ ದಿಕ್ಸೂಚಿ) ತೋರಿಸಿದ್ದು 092.5, ಲೆಕ್ಕದಿಂದ ಬಂದ ನಿಜವಾದ ದಿಕ್ಕು 091.0, ಹಾಗಾದರೆ ಜೈರೋ 1.5 ಡಿಗ್ರಿ ಹೈ, ಅಂದರೆ ಅಷ್ಟು ಹೆಚ್ಚು ತೋರಿಸುತ್ತಿದೆ. ಇಷ್ಟನ್ನು ಅರ್ಧ ಹಾಳೆಯಲ್ಲಿ ಬರೆದು ಲಗತ್ತಿಸಿದರೆ ಮೌಖಿಕ ಪರೀಕ್ಷೆಯಲ್ಲಿ ಆ ಹಾಳೆಯೇ ನಿಮ್ಮ ಪರವಾಗಿ ಮಾತಾಡುತ್ತದೆ. ಪ್ರತಿ ಪುಟದ ಫೋಟೊ ತೆಗೆದು ಬೇರೆ ಕಡೆ ಇಡಿ. ಬ್ಯಾಗಿನ ಜೊತೆ ಪುಸ್ತಕವೂ ಕಳೆದುಹೋದರೆ ಇಳಿದುಹೋದ ಆಫೀಸರ್‌ಗಳನ್ನೆಲ್ಲ ಹುಡುಕಿ ಮತ್ತೆ ಸಹಿ ಪಡೆಯುವುದು ಆಗದ ಮಾತು.

ಪ್ರಶ್ನೆ: ನನ್ನ ಇಂಗ್ಲಿಷ್ ಪುಸ್ತಕದ ಮಟ್ಟಕ್ಕೆ ಪರವಾಗಿಲ್ಲ. ಹಡಗಿನಲ್ಲಿ ಸಾಕಾಗುತ್ತದೆಯೇ?

ಹಡಗಿನ ಇಂಗ್ಲಿಷ್ ಚಂದದ ಇಂಗ್ಲಿಷ್ ಅಲ್ಲ. ಎರಡು ಅರ್ಥ ಬಾರದಂತೆ ಕತ್ತರಿಸಿಟ್ಟದ್ದು. ಐಎಂಒ 2001ರಲ್ಲಿ ಅಂಗೀಕರಿಸಿದ ಎಸ್‌ಎಂಸಿಪಿ ಎಂಬ ನುಡಿಗಟ್ಟಿನ ಕೋಶವಿದೆ. ಕಾಲೇಜಿಗೆ ಹೋಗುವ ಮುಂಚೆಯೇ ಅದರ ಮೊದಲ ಭಾಗವನ್ನು ಬಾಯಿಪಾಠ ಮಾಡಿ. ವಿಎಚ್‌ಎಫ್‌ನಲ್ಲಿ (ಹಡಗಿನ ರೇಡಿಯೋ) "ಮೇ ಐ ಎಂಟರ್ ದ ಫೇರ್‌ವೇ?" (ಹಡಗಿನ ದಾರಿಗೆ ಬರಲೇ?) ಎನ್ನಬಾರದು. 'ಮೇ' ಎಂದರೆ ಅಪ್ಪಣೆಯೋ ಸಾಧ್ಯತೆಯೋ ಕೇಳಿದವರಿಗೆ ತಿಳಿಯದು. "ಕ್ವೆಶ್ಚನ್. ಡೂ ಐ ಹ್ಯಾವ್ ಪರ್ಮಿಷನ್ ಟು ಎಂಟರ್ ದ ಫೇರ್‌ವೇ?" ಎನ್ನಬೇಕು. ಮಾತಿನ ಮುಂಚೆ ಅದು ಪ್ರಶ್ನೆಯೋ ಎಚ್ಚರಿಕೆಯೋ ಸೂಚನೆಯೋ ಎಂದು ಹೇಳುವ ಇಂಥ ಎಂಟು ಗುರುತಿನ ಪದಗಳಿವೆ. 150 ಎಂಬುದನ್ನು "ಒನ್ ಫೈವ್ ಝೀರೋ" ಎಂದು ಬಿಡಿಸಿ ಹೇಳಬೇಕು, ಚುಕ್ಕಾಣಿಯ ಕೋನ 15 ಎನ್ನುವಾಗ ಮಾತ್ರ "ಫಿಫ್ಟೀನ್" ಎಂದು ಇಡಿಯಾಗಿ.

ಕಾಲೇಜಿನ ಪಾಠ ಆ ದೇಶದ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಎಂಬುದನ್ನೂ ವರ್ಷವಾರು ಕೇಳಿ. ಮೊದಲ ವರ್ಷ ಇಂಗ್ಲಿಷ್, ಆಮೇಲೆ ಸ್ಥಳೀಯ ಭಾಷೆ ಎನ್ನುವ ಕೋರ್ಸುಗಳೂ ಇವೆ.

ಪ್ರಶ್ನೆ: ಸುರಕ್ಷಾ ತರಬೇತಿಗೆ ಈಜು ಬರಲೇಬೇಕೆ? ಗಡ್ಡ ತೆಗೆಯಬೇಕಂತೆ, ನಿಜವೇ?

ಎರಡಕ್ಕೂ ಹೌದು. ಲೈಫ್ ಜಾಕೆಟ್ ತೊಟ್ಟು ಎತ್ತರದಿಂದ ನೀರಿಗೆ ಹಾರುವುದು, ಬೋರಲು ಬಿದ್ದ ಲೈಫ್ ರಾಫ್ಟನ್ನು ನೀರಿನೊಳಗಿದ್ದೇ ಮಗುಚುವುದು, ಜಾಕೆಟ್ ಇಲ್ಲದೆ ತೇಲಿಕೊಂಡಿರುವುದು, ಇವೆಲ್ಲ ಮಾಡಿ ತೋರಿಸಬೇಕಾದವು. ಈಜಿನ ವೇಗ ಬೇಕಿಲ್ಲ. ನೀರು ಕಂಡರೆ ಉಸಿರುಗಟ್ಟದಿದ್ದರೆ ಸಾಕು. ಎರಡು ತಿಂಗಳು ಕೊಳಕ್ಕೆ ಹೋಗಿ ತೇಲುವುದನ್ನು ಕಲಿತಿರಿ. ರಾಫ್ಟ್ ಮಗುಚುವಾಗ ಅದು ನಿಮ್ಮ ಮೇಲೆಯೇ ಬೀಳುತ್ತದೆ. ಗಾಬರಿಯಾಗದೆ ಅಂಗಾತ ತಿರುಗಿ, ಕೈಯಿಂದ ತಳವನ್ನು ಮೇಲಕ್ಕೆ ಒತ್ತುತ್ತ ಹೊರಗೆ ಸರಿಯಬೇಕು.

ಗಡ್ಡದ ಮಾತಿಗೆ ಕಾರಣ ಬೆಂಕಿ ನಂದಿಸುವ ಪಾಠದ ಉಸಿರಾಟದ ಮುಖವಾಡ. ಕೂದಲಿದ್ದ ಕಡೆ ರಬ್ಬರ್ ಅಂಚು ಚರ್ಮಕ್ಕೆ ಅಂಟದೆ ಹೊಗೆ ಒಳನುಗ್ಗುತ್ತದೆ. ಎರಡು ದಿನದ ಕುರುಚಲೂ ಬೇಡ. ಮಾಮೂಲಿ ಕನ್ನಡಕದ ಕಡ್ಡಿಯದ್ದೂ ಇದೇ ತೊಂದರೆ, ಬೋಧಕರಿಗೆ ಮೊದಲೇ ತಿಳಿಸಿ. ನೀರಿನ ಮತ್ತು ಬೆಂಕಿಯ ಈ ಎರಡು ಪಾಠಗಳ ಸಾಮರ್ಥ್ಯ ಉಳಿದಿದೆ ಎಂದು 5 ವರ್ಷಕ್ಕೊಮ್ಮೆ ತೋರಿಸಬೇಕಾಗುತ್ತದೆ.

ಪ್ರಶ್ನೆ: ಓದಿನ ಮಧ್ಯೆ ಆರು ತಿಂಗಳು ಹಡಗಿಗೆ ಹೋದರೆ ವಿದ್ಯಾರ್ಥಿ ವೀಸಾ ಏನಾಗುತ್ತದೆ?

ಇದನ್ನು ವಲಸೆ ಇಲಾಖೆ ತಾನಾಗಿ ಅರ್ಥಮಾಡಿಕೊಳ್ಳುವುದಿಲ್ಲ. ಅವರ ಕಣ್ಣಿಗೆ ನೀವು ತರಗತಿ ಬಿಟ್ಟು ದೇಶದಾಚೆ ಹೋದವರು. ಹಡಗಿನ ಮೇಲಿನ ತರಬೇತಿಯು ಕೋರ್ಸಿನ ಕಡ್ಡಾಯ ಭಾಗ ಎಂದು, ಹಡಗಿನ ಹೆಸರು, ಐಎಂಒ ಸಂಖ್ಯೆ (ಹಡಗಿನ ಗುರುತಿನ ಸಂಖ್ಯೆ), ಅಂದಾಜು ದಿನಾಂಕಗಳ ಸಮೇತ ಕಾಲೇಜಿನಿಂದ ಪತ್ರ ಪಡೆಯಿರಿ. ವಾಸದ ಪರವಾನಗಿ ಸಮುದ್ರದಲ್ಲಿದ್ದಾಗ ಮುಗಿಯುವಂತಿದ್ದರೆ ಹೊರಡುವ ಮುಂಚೆಯೇ ನವೀಕರಿಸಿ. ಮಧ್ಯದಲ್ಲಿ ಬಂದು ಬೆರಳಚ್ಚು ಕೊಡಲು ಹಡಗು ತಿರುಗುವುದಿಲ್ಲ.

ಹಡಗು ಸೇರಲು ಬೇಕಾದ ವೀಸಾ ಬೇರೆಯೇ. ಅಮೆರಿಕದ ಬಂದರಿನಲ್ಲಿ ಹತ್ತುವ ಸಿಬ್ಬಂದಿಗೆ ಸಿ1/ಡಿ ವೀಸಾ ಬೇಕು, ವಿದ್ಯಾರ್ಥಿ ವೀಸಾ ನಡೆಯದು. ಪಾಸ್‌ಪೋರ್ಟ್‌ಗೆ ಕನಿಷ್ಠ 18 ತಿಂಗಳ ಅವಧಿ, ಸಾಕಷ್ಟು ಖಾಲಿ ಪುಟ ಇರಲಿ. ಹೆಸರಿನ ಕಾಗುಣಿತ ಪಾಸ್‌ಪೋರ್ಟ್, ಸೀಮನ್ ಬುಕ್ (ನಾವಿಕರ ಗುರುತಿನ ಪುಸ್ತಕ), ಪ್ರತಿ ಕೋರ್ಸಿನ ಸರ್ಟಿಫಿಕೇಟಿನಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಕೊನೆಗೆ ಸಿಒಸಿ ಅರ್ಜಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಳದಿ ಜ್ವರದ ಲಸಿಕೆ ಒಂದೇ ಡೋಸ್, ಪ್ರಮಾಣಪತ್ರ 2016ರಿಂದ ಜೀವನಪೂರ್ತಿಗೆ. ಆದರೆ ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಅದು ಜಾರಿ.

ಪ್ರಶ್ನೆ: ಹಡಗು ಕೊಡಿಸಲು ಮ್ಯಾನಿಂಗ್ ಏಜೆಂಟ್ (ಹಡಗುಗಳಿಗೆ ಸಿಬ್ಬಂದಿ ಒದಗಿಸುವವರು) ದೊಡ್ಡ ಮೊತ್ತ ಕೇಳುತ್ತಿದ್ದಾರೆ. "ಎಲ್ಲರೂ ಕೊಡುತ್ತಾರೆ" ಎನ್ನುತ್ತಾರೆ.

ಕೊಡಬೇಡಿ. 2006ರ ಮೆರಿಟೈಮ್ ಲೇಬರ್ ಕನ್ವೆನ್ಷನ್ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಸೀಮನ್ ಬುಕ್, ಪಾಸ್‌ಪೋರ್ಟಿನಂಥ ಪ್ರಯಾಣ ದಾಖಲೆ, ಈ ಮೂರರ ಖರ್ಚು ಮಾತ್ರ ನಿಮ್ಮದು. ವೀಸಾ ಖರ್ಚೂ ಹಡಗಿನ ಮಾಲೀಕರದ್ದೇ. "ತರಬೇತಿ ಶುಲ್ಕ", "ಡಾಕ್ಯುಮೆಂಟೇಷನ್ ಚಾರ್ಜ್" ಎಂಬ ಹೆಸರಿನಲ್ಲಿ ಕೇಳಿದರೂ ವ್ಯವಹಾರ ಅದೇ. ಏಜೆಂಟ್ ಹೇಳಿದ ಹಡಗಿನ ಐಎಂಒ ಸಂಖ್ಯೆ ಕೇಳಿ. ಏಳು ಅಂಕಿ, ಹಡಗಿನ ಹೆಸರು, ಬಾವುಟ ಬದಲಾದರೂ ಬದಲಾಗದ್ದು. ಅದನ್ನು ಹಿಡಿದು ಮಾಲೀಕ ಕಂಪನಿ ಯಾವುದೆಂದು ಹುಡುಕಿ, ಅವರ ಕಚೇರಿಗೇ ಬರೆದು "ಈ ಏಜೆಂಟ್ ನಿಮ್ಮವರೇ, ಈ ಹಡಗಿಗೆ ಕೆಡೆಟ್ ಬೇಕೇ" ಎಂದು ಕೇಳಿ. ಸಂಖ್ಯೆ ಹೇಳಲು ಏಜೆಂಟ್ ಹಿಂದೇಟು ಹಾಕಿದರೆ ಮಾತು ಅಲ್ಲಿಗೇ ನಿಲ್ಲಿಸಿ.