ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳಬಹುದೇ? ಇಟ್ಟುಕೊಂಡವರ ಅನುಭವವೇನು?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, ನಿತ್ಯದ ಓಡಾಟಕ್ಕೆ ಒಳ್ಳೆಯ ಕಾರೊಂದಿದೆ, ಎರಡನೆಯದಾಗಿ 1990ರ ದಶಕದ ಮಾಜ್ದಾ ಮಿಯಾಟಾ (ಎರಡು ಸೀಟಿನ, ಛಾವಣಿ ಮಡಚುವ ಪುಟ್ಟ ಜಪಾನಿ ಕಾರು) ಒಂದರ ಮೇಲೆ ಕಣ್ಣು ಬಿದ್ದಿದೆ, ಇಂಥ ಗಾಡಿಯಿಂದ ಸುಖ ಹೆಚ್ಚೋ ಸಂಕಟ ಹೆಚ್ಚೋ?

ನಾನಿರುವುದು ಪಿಟ್ಸ್‌ಬರ್ಗ್ ಹತ್ತಿರ. 1992ರ ಕೆಂಪು ಮಿಯಾಟಾ ಒಂದು 2014ರಿಂದ ನನ್ನ ಮನೆಯಲ್ಲಿದೆ. ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಕೈಗೆ ಗ್ರೀಸು ಮೆತ್ತಿಕೊಳ್ಳುವುದು, ಒಂದು ಬೋಲ್ಟಿನ ಮುಂದೆ ಇಡೀ ಭಾನುವಾರ ಕೂರುವುದು ನಿಮಗೆ ಶಿಕ್ಷೆಯಂತೆ ಅನ್ನಿಸುವುದಾದರೆ ಬೇಡ. ಓಡಿಸುವ ಸುಖ ಮಾತ್ರ ನನಗಿರಲಿ, ರಿಪೇರಿಯ ಕಷ್ಟ ಗ್ಯಾರೇಜಿನವರಿಗಿರಲಿ ಎಂದರೆ ಈ ಕಾರಿನಲ್ಲಿ ಲೆಕ್ಕ ಕೂಡಿ ಬರುವುದಿಲ್ಲ. ದುಡ್ಡಿನ ಲೆಕ್ಕವೂ ಬರುವುದಿಲ್ಲ, ಮನಸ್ಸಿನ ಲೆಕ್ಕವೂ ಬರುವುದಿಲ್ಲ.

1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಹಿಂದೆ ಒಂದು ಸರಳ ಆಸೆಯಿತ್ತು. ಎಂಜಿ, ಲೋಟಸ್ ಎಲಾನ್‌ನಂಥ ಹಳೆಯ ಬ್ರಿಟಿಷ್ ತೆರೆದ ಕಾರುಗಳ ಹಗುರವಾದ ಓಟ ಬೇಕು, ಆದರೆ ಅವುಗಳ ಹಾಗೆ ಎಣ್ಣೆ ಸೋರಬಾರದು, ಮಳೆ ಬಂದಾಗ ಕೆಟ್ಟು ನಿಲ್ಲಬಾರದು. ಯೋಜನೆಯ ಮುಖ್ಯಸ್ಥರಾಗಿದ್ದ ತೋಷಿಹಿಕೊ ಹಿರಾಯ್ ಅವರ ತಂಡ ಹಿಡಿದುಕೊಂಡ ಮಾತು ‘ಜಿನ್‌ಬಾ ಇತ್ತಾಯ್’, ಅಂದರೆ ಕುದುರೆಯೂ ಸವಾರನೂ ಒಂದೇ ದೇಹವಾಗುವುದು. ನನ್ನದರಲ್ಲಿರುವುದು 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ. ಇಡೀ ಕಾರಿನ ತೂಕ ಸುಮಾರು ಒಂದು ಟನ್. ಇಂದಿನ ಸಾಧಾರಣ ಕುಟುಂಬದ ಕಾರು ಸಿಗ್ನಲ್ಲಿನಲ್ಲಿ ಇದನ್ನು ಹಿಂದೆ ಹಾಕಿ ಹೋಗುತ್ತದೆ. ಅದು ನನಗೆ ಯಾವತ್ತೂ ಕೊರತೆ ಎನ್ನಿಸಿಲ್ಲ.

ಏಕೆಂದರೆ ಈ ಕಾರು ಕೊಡುವುದು ವೇಗವನ್ನಲ್ಲ, ರಸ್ತೆಯನ್ನು. ಮಿಲ್ ರನ್ ಎಂಬ ಊರಿನಿಂದ ಒಹಾಯೊಪೈಲ್‌ಗೆ ಹೋಗುವ 381ನೇ ನಂಬರಿನ ರಸ್ತೆಯನ್ನೇ ತೆಗೆದುಕೊಳ್ಳಿ. ಫ್ರ್ಯಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆ ಕಟ್ಟಿದ ಮನೆ ಇರುವುದು ಆ ರಸ್ತೆಯ ಪಕ್ಕದಲ್ಲೇ. ನಮ್ಮ ಇನ್ನೊಂದು ಕಾರಿನಲ್ಲಿ ಹತ್ತಾರು ಸಲ ಹೋಗಿದ್ದರೂ ಆ ದಾರಿಯಲ್ಲಿ ನೆನಪಿಡುವಂಥದ್ದು ಏನಿದೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಮಿಯಾಟಾದ ಮೇಲ್ಛಾವಣಿ ಮಡಚಿ ಗಂಟೆಗೆ 40 ಮೈಲಿಯಲ್ಲಿ ಹೋದ ಮೊದಲ ಸಲ ಗೊತ್ತಾಯಿತು: ಯಾವ ತಿರುವಿನಲ್ಲಿ ಡಾಂಬರು ಒರಟಾಗಿದೆ ಎಂಬುದು ಸ್ಟೀರಿಂಗಿನಿಂದ ಬೆರಳಿಗೆ ಬರುತ್ತದೆ, ನದಿಯ ಸೇತುವೆಯ ಮೇಲೆ ಗಾಳಿ ತಟ್ಟನೆ ತಣ್ಣಗಾಗುತ್ತದೆ, ಆಚೆ ದಡದಲ್ಲಿ ಒದ್ದೆ ಎಲೆಯ ವಾಸನೆ. ನನ್ನದು ಪವರ್ ಸ್ಟೀರಿಂಗ್ ಇಲ್ಲದ ಮಾದರಿ. ನಿಂತಲ್ಲೇ ತಿರುಗಿಸುವಾಗ ತೋಳು ನೋಯುತ್ತದೆ, ಚಲಿಸತೊಡಗಿದ ಮೇಲೆ ಇಷ್ಟು ಮಾತನಾಡುವ ಸ್ಟೀರಿಂಗನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಮಣಿಕಟ್ಟು ಅಲುಗಿದರೆ ಸಾಕು, ಗೇರು ಕೂತಿರುತ್ತದೆ. ಹನ್ನೊಂದು ವರ್ಷ ದಾಟಿದರೂ ಆ ಒಂದು ಚಲನೆಗೆ ನನ್ನ ಮನಸ್ಸು ಇನ್ನೂ ಅರಳುತ್ತದೆ.

ಇನ್ನು ಸಂಕಟ. ಮೂವತ್ತು ವರ್ಷ ಕಳೆದ ಮೇಲೆ ಯಾವ ರಬ್ಬರೂ ರಬ್ಬರಾಗಿ ಉಳಿಯುವುದಿಲ್ಲ. ಎಣ್ಣೆ ಸೋರಬಾರದೆಂದು ಹುಟ್ಟಿದ ಕಾರೂ ಎಣ್ಣೆ ಸೋರತೊಡಗುತ್ತದೆ.

ಕೊಂಡ ಎರಡನೇ ವರ್ಷ ಕಾರು ನಿಂತ ಜಾಗದಲ್ಲಿ ಕಪ್ಪು ಚುಕ್ಕೆ ಬೀಳಲಾರಂಭಿಸಿತು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆಯಿಂದ ಹನಿ ಬರುತ್ತಿತ್ತು. ಒಂದು ಗ್ಯಾರೇಜಿನವರು ಕೆಳಗಿನಿಂದ ಟಾರ್ಚ್ ಹಾಕಿ ನೋಡಿ, ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್, ಅಂದರೆ ಎಂಜಿನ್ನಿನ ಮುಖ್ಯ ದಂಡದ ಹಿಂದೆ ಎಣ್ಣೆ ತಡೆಯುವ ರಬ್ಬರ್, ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 1,100 ಡಾಲರ್ ಆಗುತ್ತದೆ ಎಂದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಬಾನೆಟ್ ತೆರೆದು ಎಂಜಿನ್ನಿನ ಹಿಂಭಾಗಕ್ಕೆ ಒಂದು ಸಣ್ಣ ಕನ್ನಡಿ ಹಿಡಿದೆ. ಅಲ್ಲಿ, ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ತುದಿಯಲ್ಲಿ, ಕ್ಯಾಮ್ ಆ್ಯಂಗಲ್ ಸೆನ್ಸರ್ ಎಂಬ ಬಿಡಿಭಾಗ ಕೂತಿರುತ್ತದೆ. ಅದರ ಸುತ್ತಲಿನ ರಬ್ಬರ್ ಉಂಗುರ ಗಟ್ಟಿಯಾಗಿ ಕಲ್ಲಾಗಿತ್ತು. ಎಣ್ಣೆ ಅಲ್ಲಿಂದ ಇಳಿದು ಎಂಜಿನ್ನಿನ ಬೆನ್ನಿನ ಮೇಲೆ ಹರಿದು ಕೆಳಗೆ ಹನಿಯುತ್ತಿತ್ತು. ಕೆಳಗಿನಿಂದ ನೋಡುವವರಿಗೆ ಅದು ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ. ಈ ಎಂಜಿನ್ನಿನಲ್ಲಿ ಇದು ಎಲ್ಲರಿಗೂ ಬರುವ ಕಾಯಿಲೆ ಎಂಬುದು ನನಗೆ ಆಮೇಲೆ ತಿಳಿಯಿತು. ಉಂಗುರದ ಬೆಲೆ ಕೆಲವೇ ಡಾಲರ್. ನೀವೂ ಮಾಡುವುದಾದರೆ ಒಂದು ಮಾತು ನೆನಪಿಡಿ: ಸೆನ್ಸರನ್ನು ಸಡಿಲಿಸುವ ಮೊದಲು ಅದು ಕೂತಿರುವ ಕೋನಕ್ಕೆ ಬಿಳಿ ಬಣ್ಣದ ಗುರುತು ಹಾಕಿ. ಎಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತು ನಿಗದಿಯಾಗುವುದು ಆ ಕೋನದಿಂದಲೇ. ಗುರುತಿಲ್ಲದೆ ತೆಗೆದರೆ ಕಿಡಿಯ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಮತ್ತೆ ಹತ್ತು ಡಿಗ್ರಿಗೆ ತರಬೇಕಾಗುತ್ತದೆ.

ಆ ಗ್ಯಾರೇಜಿನವರು ಮೋಸಮಾಡಲು ಹೊರಟಿದ್ದರು ಎಂದು ನಾನು ಹೇಳಲಾರೆ. ಆದರೆ ಇಂಥ ಕಾರನ್ನು ನಿತ್ಯ ನೋಡದವರಿಗೆ ಅದರ ರೋಗ ಗೊತ್ತಿರುವುದಿಲ್ಲ. ಹಳೆಯ ಕಾರಿನ ನಿಜವಾದ ಕಷ್ಟ ಅದು ಕೆಡುವುದಲ್ಲ, ಎಲ್ಲಿ ಕೆಟ್ಟಿದೆ ಎಂದು ಸರಿಯಾಗಿ ಹೇಳುವವರು ಸಿಗದಿರುವುದು. ಆ ದಿನವೇ ಮಿಯಾಟಾದ ರಿಪೇರಿ ಕೈಪಿಡಿಯೊಂದನ್ನು ತರಿಸಿಕೊಂಡೆ. ಅದರ ಪುಟಗಳೆಲ್ಲ ಈಗ ಎಣ್ಣೆಮಯ.

2017ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಅಪ್ಪನ ಬಳಿ ಮೊದಲು ಪ್ರೀಮಿಯರ್ ಪದ್ಮಿನಿ ಇತ್ತು. ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಹಿಡಿ ಇರುವ ಗಾಡಿ ಅದು. ಮಂಗಳೂರಿಗೆ ಹೋಗಿ ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ರೇಡಿಯೇಟರ್ ಕುದಿದು, ಅಪ್ಪ ಬಾನೆಟ್ ಎತ್ತಿ ನಿಂತು, ನಾವು ಮಕ್ಕಳು ತೊರೆಯಿಂದ ನೀರು ಹೊತ್ತು ತಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರು ಬಂದ ಎರಡನೇ ವಾರ ಮಿಯಾಟಾದ ಕ್ಲಚ್ ಪೆಡಲ್ ಒತ್ತಿದ್ದು ನೆಲಕ್ಕಂಟಿ ಹಾಗೇ ಉಳಿಯಿತು. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಸೋರಿತ್ತು. ಈ ಕಾರಿನಲ್ಲಿ ಅದು ಕೆಲವು ವರ್ಷಕ್ಕೊಮ್ಮೆ ಸೋರಿಯೇ ಸೋರುತ್ತದೆ. ಪೆಡಲಿನ ಕಡೆ ಇರುವ ಮೇಲಿನ ಮಾಸ್ಟರ್ ಸಿಲಿಂಡರನ್ನೂ ಅದರ ಜೊತೆಗೇ ಬದಲಿಸುವುದು ವಾಸಿ, ಇಲ್ಲವಾದರೆ ಒಂದರ ಹಿಂದೆ ಇನ್ನೊಂದು ಹೋಗುತ್ತದೆ.

ಬದಲಿಸುವುದು ಸುಲಭ, ಎರಡೇ ಬೋಲ್ಟು. ಆಮೇಲೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಹಾಕಲು ಮಾತ್ರ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿಯಬೇಕು. ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಅಪ್ಪ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಬಂದು, ಆ ತಗ್ಗು ಸೀಟಿನಲ್ಲಿ ಒಂದು ಕೈ ಬಾಗಿಲಿಗೆ ಕೊಟ್ಟು ನಿಧಾನಕ್ಕೆ ಕೂತರು. ಆಗ ಅವರಿಗೆ ಎಪ್ಪತ್ತೊಂದು. ನಾನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ.

“ಅಪ್ಪ, ಒತ್ತಿ.”

“ಒತ್ತಿದೆ.”

“ಹಿಡಿದುಕೊಳ್ಳಿ... ಈಗ ಬಿಡಿ.”

“ಬಿಟ್ಟೆ.”

ಸುಮಾರು ನಲವತ್ತು ಸಲ ಇದೇ ಮಾತು. ಚಿಕ್ಕಂದಿನಲ್ಲಿ ಪದ್ಮಿನಿಯ ಬ್ರೇಕಿನ ಗಾಳಿ ತೆಗೆಯುವಾಗ ಕೆಳಗೆ ಮಲಗಿ “ಒತ್ತು”, “ಬಿಡು” ಎನ್ನುತ್ತಿದ್ದವರು ಅವರು. ಪೆಡಲ್ಲಿಗೆ ಕಾಲು ಎಟುಕದೆ ಸೀಟಿನ ಅಂಚಿಗೆ ಜಾರಿ ಒತ್ತುತ್ತಿದ್ದವನು ನಾನು. ಕೊನೆಗೆ ಪೆಡಲ್ ಗಟ್ಟಿಯಾದಾಗ ಅಪ್ಪನೇ ಮೊದಲು ಹೇಳಿದರು, “ಬಂತು ನೋಡು, ಕಾಲಿಗೆ ಗೊತ್ತಾಗುತ್ತಿದೆ” ಎಂದು. ಸಂಜೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆನ್ ಹಿಲ್ಸಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದೆ. ದಾರಿಯುದ್ದಕ್ಕೂ ಅವರು ಮಾತನಾಡಿದ್ದು ಪದ್ಮಿನಿಯ ಬಗ್ಗೆ. ಅದನ್ನು ಮಾರಿದ ದಿನ ಅವರು ಊಟ ಮಾಡಿರಲಿಲ್ಲ ಎಂಬುದು ನನಗೆ ತಿಳಿದದ್ದು ಅಂದು.

ಇಂಥದ್ದನ್ನು ಲಾಭದ ಪಟ್ಟಿಗೆ ಸೇರಿಸಬೇಕೋ ನಷ್ಟದ ಪಟ್ಟಿಗೋ ನೀವೇ ಹೇಳಿ. ಕ್ಲಚ್ ಕೆಡದಿದ್ದರೆ ಆ ಸಂಜೆ ನನಗೆ ಸಿಗುತ್ತಿರಲಿಲ್ಲ.

ಆದರೆ ತುಕ್ಕಿನ ವಿಷಯದಲ್ಲಿ ನನಗೆ ಇಂಥ ಯಾವ ಸಮಾಧಾನವೂ ಇಲ್ಲ. ಅದು ಬರಿಯ ನಷ್ಟ, ಬರಿಯ ದುಃಖ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆದರೆ ಮಿಯಾಟಾ ತಿನ್ನಿಸಿಕೊಳ್ಳುವುದು ಬರಿಯ ಉಪ್ಪಿನಿಂದಲ್ಲ. ಬಟ್ಟೆಯಂಥ ಮೇಲ್ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡೂ ಬದಿಯಲ್ಲಿರುವ ತೂತುಗಳ ಮೂಲಕ ಇಳಿದು ಕಾರಿನ ಕೆಳಗೆ ಹೋಗಬೇಕು. ಎಲೆ, ದೂಳು, ಪೈನ್ ಮರದ ಸೂಜಿಯೆಲೆ ಸೇರಿ ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ಬಾಗಿಲ ಕೆಳಗಿನ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಫಳಫಳಿಸುತ್ತಿರುತ್ತದೆ. ಹಿಂದಿನ ಚಕ್ರದ ಮುಂದೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆಲ್ಲ ಪುಡಿಪುಡಿ. ನನಗೆ ಇದು ಗೊತ್ತಿರಲಿಲ್ಲ. 2019ರ ವಾರ್ಷಿಕ ತಪಾಸಣೆಯಲ್ಲಿ ಎಡಬದಿಯ ತಗಡು ಬೆರಳು ಒತ್ತಿದರೆ ಒಳಹೋಯಿತು. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಲು 2,400 ಡಾಲರ್ ತೆತ್ತೆ. ವರ್ಷಕ್ಕೆರಡು ಸಲ ಎರಡು ಲೋಟ ನೀರು ಹೊಯ್ದು ನೋಡಿದ್ದರೆ ತಪ್ಪಿಸಬಹುದಾಗಿದ್ದ ಖರ್ಚು ಅದು. ಈಗ ನೋಡುತ್ತೇನೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾರು ಗ್ಯಾರೇಜು ಬಿಟ್ಟು ಹೊರಡುವುದಿಲ್ಲ. ಬಿಸಿಲು ಬಿದ್ದ ಜನವರಿಯ ಭಾನುವಾರ ಅದನ್ನು ನೋಡುತ್ತ ನಿಲ್ಲುವುದು ಕಷ್ಟವೇ.

ಸಣ್ಣಪುಟ್ಟದ್ದು ಇನ್ನೂ ಇವೆ. ಹಿಂದಿನ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್ಕು. ಜಿಪ್ ಬಿಚ್ಚಿ ಅದನ್ನು ಚಪ್ಪಟೆಯಾಗಿ ಮಲಗಿಸದೆ ಛಾವಣಿ ಮಡಚಿದರೆ, ಅದರಲ್ಲೂ ಚಳಿಯಲ್ಲಿ, ಸೀಳುತ್ತದೆ. ಚಕ್ರಗಳ ಕೋನ ಸರಿಪಡಿಸುವ ಉದ್ದನೆಯ ಬೋಲ್ಟುಗಳು ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿರುತ್ತವೆ, ಮೂರು ರಾತ್ರಿ ಎಣ್ಣೆ ಬಿಟ್ಟರೂ ಅಲುಗುವುದಿಲ್ಲ. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಅದಕ್ಕೆಂದೇ ಮಾಡಿದ, ಆಮ್ಲ ಸೋರದ ಬ್ಯಾಟರಿಯನ್ನೇ ಹಾಕಿ. ಮೇಲಕ್ಕೆದ್ದು ಬರುವ ಹೆಡ್‌ಲೈಟಿನ ಮೋಟಾರು ಕೆಟ್ಟರೆ ಗಾಬರಿ ಬೇಡ, ಬಾನೆಟ್ಟಿನ ಕೆಳಗೆ ಕೈಯಿಂದ ತಿರುಗಿಸುವ ಗುಂಡಿಯಿದೆ. ಹೆದ್ದಾರಿಯಲ್ಲಿ ಲಾರಿಗಳ ಚಾಲಕರಿಗೆ ನೀವು ಕಾಣುವುದಿಲ್ಲ ಎಂದುಕೊಂಡೇ ಓಡಿಸಿ. ನನ್ನದರಲ್ಲಿ ಎಬಿಎಸ್ ಇಲ್ಲ, ಗಾಳಿಚೀಲ ಚಾಲಕನಿಗೆ ಮಾತ್ರ. ಮಗಳನ್ನು ಅದರಲ್ಲಿ ದೂರ ಕರೆದೊಯ್ಯುವುದಿಲ್ಲ.

ದುಡ್ಡು: ಕೊಂಡದ್ದು 4,300 ಡಾಲರಿಗೆ. ಇಲ್ಲಿಯವರೆಗೆ ಅದರ ಮೇಲೆ ಹಾಕಿದ್ದು, ಟೈರು, ಹೊಸ ಛಾವಣಿ, ಬೆಸುಗೆ ಎಲ್ಲ ಸೇರಿ, ನನ್ನ ನೋಟ್‌ಬುಕ್ಕಿನ ಪ್ರಕಾರ 11,000ಕ್ಕೆ ಹತ್ತಿರ. ಅದು ಹಿಂದಿರುಗುತ್ತದೆ ಎಂಬ ಲೆಕ್ಕದಲ್ಲಿ ನಾನು ಹಾಕಿಲ್ಲ. ಆದರೆ ಮೊದಲ ತಲೆಮಾರಿನ ಮಿಯಾಟಾ ನಾಲ್ಕು ಲಕ್ಷಕ್ಕೂ ಮಿಕ್ಕಿ ತಯಾರಾದದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಇಷ್ಟು ವಯಸ್ಸಿನ ಬೇರೆ ಸ್ಪೋರ್ಟ್ಸ್ ಕಾರು ಕೊಂಡ ಗೆಳೆಯರು ಒಂದು ಸ್ವಿಚ್ಚಿಗಾಗಿ ತಿಂಗಳುಗಟ್ಟಲೆ ಕಾಯುವುದನ್ನು ನೋಡಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರೇ ಬೇಕೆಂದರೆ ಇದನ್ನೇ ಆರಿಸಿ ಎನ್ನಲು ಇದು ದೊಡ್ಡ ಕಾರಣ.

ನೋಡಲು ಹೋಗುವಾಗ ಟಾರ್ಚ್ ಒಯ್ಯಿರಿ. ಕಾರು 1990ರದ್ದೋ 1991ರ ಆರಂಭದ್ದೋ ಆಗಿದ್ದರೆ ಎಂಜಿನ್ನಿನ ಮುಂದಿನ ಕ್ರ್ಯಾಂಕ್ ಪುಲ್ಲಿಯ (ಬೆಲ್ಟು ಓಡಿಸುವ ಗಾಲಿಯ) ಮುಖದಲ್ಲಿ ಎಷ್ಟು ಸೀಳುಗಳಿವೆ ಎಂದು ಎಣಿಸಿ. ನಾಲ್ಕಿದ್ದರೆ ಅದು ಗಿಡ್ಡ ಮೂತಿಯ ಕ್ರ್ಯಾಂಕ್, ಅದರಲ್ಲಿ ಪುಲ್ಲಿ ಸಡಿಲಗೊಂಡು ಎಂಜಿನ್ನಿಗೇ ಸಂಚಕಾರ ಬಂದದ್ದುಂಟು, ಎಂಟಿದ್ದರೆ ಚಿಂತೆಯಿಲ್ಲ. ರೇಡಿಯೇಟರಿನ ಮೇಲಿನ ಕಪ್ಪು ಪ್ಲಾಸ್ಟಿಕ್ಕು ಹಸಿರುಮಿಶ್ರಿತ ಕಂದಾಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ ಬದಲಿಸಿದ ರಸೀದಿ ಕೇಳಿ. ಎಂಜಿನ್ ಶುರುಮಾಡಿದಾಗ ಟಿಕ್ ಟಿಕ್ ಸದ್ದು ಬಂದರೆ ಹೆದರಬೇಡಿ, ಹೊಸ ಎಣ್ಣೆಗೆ ಅದು ಬಹುಮಟ್ಟಿಗೆ ಅಡಗುತ್ತದೆ. ಎಂಜಿನ್ನಿನ ಯಾವ ರೋಗಕ್ಕೂ ಮದ್ದಿದೆ. ಬಾಗಿಲ ಕೆಳಗಿನ ತಗಡನ್ನು ಮಾತ್ರ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತುತ್ತ ಹೋಗಿ, ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಕೈ ಹಾಕಿ. ಕೈ ಒದ್ದೆಯಾದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಮಾರುವವರಿಗೆ ನಮಸ್ಕಾರ ಹೇಳಿ ವಾಪಸು ಬನ್ನಿ. ಒಣಗಿದ್ದರೆ ಓಡಿಸಿ ನೋಡಲು ಕೀಲಿ ಕೇಳಿ, ಛಾವಣಿ ಮಡಚುವ ಮುಂಚೆ ಜಿಪ್ ಬಿಚ್ಚುವುದನ್ನು ಮರೆಯಬೇಡಿ.