ಕಡಲೂರಿನಲ್ಲಿ ಓದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಬ್ರೈಟನ್‌ಗೆ ಹೊರಟಿದ್ದಾಳೆ. ಸಾಮಾನು ಏನೇನು ಕಟ್ಟಿಕೊಡಲಿ?
– ತಾಯಿ, ಬಸವನಗುಡಿ

ಉತ್ತರ: ಚಳಿಗಿಂತ ಗಾಳಿ, ತೇವ ಹೆಚ್ಚು ಕಾಡುತ್ತವೆ. ಕಡಲ ಗಾಳಿಗೆ ಛತ್ರಿ ಮಗುಚಿ ಕಡ್ಡಿ ಮುರಿಯುತ್ತದೆ. ಟೋಪಿಯಿರುವ ವಾಟರ್‌ಪ್ರೂಫ್ ಜಾಕೆಟ್ ಕೊಡಿ. ರಜಾಯಿ ಅಲ್ಲೇ ಸಿಗುತ್ತದೆ.

ಕುಕ್ಕರ್ ಸ್ಟೀಲಿನದು, ಇಂಡಕ್ಷನ್ ತಳದ್ದಿರಲಿ. ತಳಕ್ಕೆ ಅಯಸ್ಕಾಂತ ಹಿಡಿಯಿರಿ, ಅಂಟದಿದ್ದರೆ ಇಂಡಕ್ಷನ್ ಒಲೆಯ ಮೇಲೆ ಅದು ಕಾಯುವುದೇ ಇಲ್ಲ. ಜೊತೆಗೊಂದು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಇಡಿ. ಸಾರಿನಪುಡಿ, ಚಟ್ನಿಪುಡಿ ಒಯ್ಯಬಹುದು, ಗಾಳಿಯಾಡದ ಡಬ್ಬದಲ್ಲಿ. ತುಪ್ಪ, ಪೇಡೆ ಬೇಡ: ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ ಬಿಡುವುದಿಲ್ಲ.

ಒಗ್ಗರಣೆ ಹಾಕುವಾಗ ಮೊದಲು ಎಕ್ಸಾಸ್ಟ್ ಹಾಕಿ, ಕಿಟಕಿ ತೆಗೆದು, ಅಡುಗೆಮನೆ ಬಾಗಿಲು ಮುಚ್ಚಿಕೊಳ್ಳಲು ಹೇಳಿ. ಘಾಟು ಕಾರಿಡಾರಿಗೆ ನುಗ್ಗಿದರೆ ಅಲ್ಲಿನ ಹೊಗೆ ಅಲಾರಂ ಕೂಗಿ, ಇಡೀ ಹಾಸ್ಟೆಲ್ಲೇ ಚಳಿಯಲ್ಲಿ ಬೀದಿಗೆ ಇಳಿಯಬೇಕಾಗುತ್ತದೆ.

ಪ್ರಶ್ನೆ: ವಿಜಯನಗರದವನು, ಈಗ ಬ್ರೈಟನ್‌ನಲ್ಲಿ ಬಾಡಿಗೆ ರೂಮಿನಲ್ಲಿದ್ದೇನೆ. ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಎದ್ದಿವೆ. ಓನರ್ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರಾ?

ಉತ್ತರ: ಅದು ಬೂಷ್ಟು. ಯಾವ ಬಗೆಯ ತೇವದಿಂದ ಬಂತೆಂದು ಮೊದಲು ನೋಡಿ. ಕಿಟಕಿ ಚೌಕಟ್ಟು, ಮೂಲೆ, ಬೀರುವಿನ ಹಿಂದೆ ಚುಕ್ಕೆಚುಕ್ಕೆಯಾಗಿದ್ದರೆ ಒಳಗಿನ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗಿದೆ ಎಂದರ್ಥ. ಮಳೆ ಬಂದಾಗಲೆಲ್ಲ ಕಂದು ಕಲೆ ಹರಡುತ್ತಿದ್ದರೆ ಗೋಡೆ ಅಥವಾ ಚಾವಣಿ ಸೋರುತ್ತಿದೆ. ಅದನ್ನು ಸರಿಪಡಿಸುವುದು ಓನರ್ ಕೆಲಸ.

ಹಬೆಯದಾದರೆ ನಿಮ್ಮ ದಿನಚರಿ ಬದಲಾಗಬೇಕು. ಬೆಂಗಳೂರಿನ ಡಿಸೆಂಬರ್ ಚಳಿ ಒಣ ಚಳಿ, ಕಿಟಕಿ ಮುಚ್ಚಿ ಮಲಗಿದರೂ ನಡೆಯುತ್ತದೆ. ಅಲ್ಲಿ ಹಾಗೆ ಮಾಡಿದರೆ ನಿಮ್ಮ ಉಸಿರಿನ ನೀರೇ ಬೆಳಿಗ್ಗೆ ಗಾಜಿನ ಮೇಲೆ ಇಳಿಯುತ್ತಿರುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ ಸಿಂಕಿಗೆ ಹಿಂಡಿ. ಹೀಟರ್ ಆರಿಸಿ ಹತ್ತು ನಿಮಿಷ ಕಿಟಕಿ ಪೂರಾ ತೆರೆಯಿರಿ. ಹೀಟರನ್ನು ಒಮ್ಮೆಲೇ ಜೋರಾಗಿ ಹಾಕಿ ಆರಿಸುವ ಬದಲು ಸುಮಾರು 18 ಡಿಗ್ರಿಯಲ್ಲಿ ಸಮನಾಗಿ ಇಡಿ. ಒಗೆದ ಬಟ್ಟೆಯನ್ನು ರೇಡಿಯೇಟರ್ ಮೇಲೆ ಹರವಬೇಡಿ. ಅದರ ನೀರೆಲ್ಲ ಗೋಡೆಗೇ ಹೋಗುತ್ತದೆ. ಡ್ರೈಯರ್‌ಗೆ ಒಂದಿಷ್ಟು ಖರ್ಚಾದರೂ ಪರವಾಗಿಲ್ಲ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ. ಈಗಿರುವ ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಿದರೆ ಬೀಜಕಣ ಕೋಣೆಯೆಲ್ಲ ಹಾರುತ್ತವೆ. ಗ್ಲೌಸ್, ಮಾಸ್ಕ್ ಹಾಕಿಕೊಂಡು, ಬೂಷ್ಟಿಗೆಂದೇ ಸಿಗುವ ಸ್ಪ್ರೇ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ.

ಅಡ್ವಾನ್ಸ್ ವಿಚಾರ: ಇಂಗ್ಲೆಂಡಿನ 2019ರ ಕಾನೂನಿನಂತೆ ಸಾಮಾನ್ಯ ಬಾಡಿಗೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಓನರ್ ಅದೇ ಮನೆಯಲ್ಲಿರದೆ ಬೇರೆಡೆ ಇದ್ದರೆ, ಸಾಮಾನ್ಯವಾಗಿ ಹಣ ಕೈಸೇರಿದ 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಅದನ್ನು ನೋಂದಾಯಿಸಬೇಕು. ಆ ಕಾಗದ ಕೇಳಿ ಪಡೆಯಿರಿ. ಜಗಳ ಬಂದರೆ ಯೋಜನೆಯವರೇ ದಾಖಲೆ ನೋಡಿ ಪುಕ್ಕಟೆ ತೀರ್ಮಾನ ಮಾಡುತ್ತಾರೆ. ಆದ್ದರಿಂದ ಇವತ್ತೇ ಫೋಟೊ ತೆಗೆದು ಓನರ್‌ಗೆ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಸ್ಕೂಟರಿನಲ್ಲಿ ಊಟ ತಲುಪಿಸುವ ಕೆಲಸ ಮಾಡಬಹುದೇ?
– ವಿದ್ಯಾರ್ಥಿ, ಯಲಹಂಕ

ಉತ್ತರ: ಖಂಡಿತ ಬೇಡ. ಆ್ಯಪ್ ಮೂಲಕ ಮಾಡುವ ಡೆಲಿವರಿ ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕ, ವಿದ್ಯಾರ್ಥಿ ವೀಸಾ ಅದನ್ನು ಒಪ್ಪುವುದಿಲ್ಲ. ಡಿಗ್ರಿ ಓದುವವರಿಗೆ ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಸಂಬಳದ ಕೆಲಸಕ್ಕಷ್ಟೇ ಅವಕಾಶ. ವಾರವೆಂದರೆ ಸೋಮವಾರದಿಂದ ಭಾನುವಾರ. ಈ ವಾರ 10, ಮುಂದಿನ ವಾರ 30 ಎಂದು ಸರಿದೂಗಿಸಲಾಗದು. ಒಂದು ವರ್ಷದ ಎಂ.ಎಸ್ಸಿ.ಯವರು ಎಡವುವುದು ಬೇಸಿಗೆಯಲ್ಲಿ. ಅವರಿಗದು ಪ್ರಬಂಧ ಬರೆಯುವ ಕಾಲ, ಸಾಮಾನ್ಯವಾಗಿ ರಜೆಯಲ್ಲ. ಆಗಲೂ 20 ಗಂಟೆಯೇ.

ಪ್ರಶ್ನೆ: ಈಜು ಬರುತ್ತದೆ. ಸಮುದ್ರಕ್ಕೆ ಇಳಿಯಲೇ?
– ವಿದ್ಯಾರ್ಥಿನಿ, ಜಯನಗರ

ಉತ್ತರ: ಕೊಳದ ಈಜನ್ನು ನಂಬಿ ಇಳಿಯಬೇಡಿ. ಬ್ರೈಟನ್ ದಂಡೆ ಮರಳಿನದಲ್ಲ, ಉರುಟು ಕಲ್ಲಿನದು; ಕಾಲ ಕೆಳಗೆ ಜಾರಿ ಥಟ್ಟನೆ ಆಳವಾಗುತ್ತದೆ. ನೀರು ವರ್ಷವಿಡೀ ತಣ್ಣಗಿರುವುದರಿಂದ ಮೊದಲ ನಿಮಿಷ ಉಸಿರು ಹಿಡಿತ ತಪ್ಪುತ್ತದೆ. ಜೀವರಕ್ಷಕರಿರುವಾಗ, ಕೆಂಪು-ಹಳದಿ ಬಾವುಟಗಳ ನಡುವೆಯಷ್ಟೇ ಇಳಿಯಿರಿ. ಗಾಬರಿಯಾದರೆ ಕೈಕಾಲು ಬಡಿಯದೆ, ಕಿವಿ ಮುಳುಗುವಂತೆ ತಲೆ ಹಿಂದಕ್ಕೆ ಚಾಚಿ ತೇಲಿ. ಉಸಿರು ಹತೋಟಿಗೆ ಬಂದ ಮೇಲೆ ದಡದತ್ತ ಬನ್ನಿ. ಬೇರೆಯವರು ಮುಳುಗುತ್ತಿದ್ದರೆ ಹಾರಬೇಡಿ, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.