ಭಾಗವತರು ಕಂಡ ಬೆನ್ನು

ಯಕ್ಷಗಾನದಲ್ಲಿ ಪದ್ಯ ಹಾಡಿ ಆಟ ನಡೆಸುವ ಭಾಗವತರೊಬ್ಬರ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಉಡುಪಿಯ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಅವರು ಬಂದದ್ದು ಜನವರಿಯಲ್ಲಿ, ಮೇಳದ ತಿರುಗಾಟದ ನಡುವೆ. ಗಂಟಲಿನಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಆದರೂ ಹರಿಶ್ಚಂದ್ರ ಪ್ರಸಂಗದಲ್ಲಿ ಚಂದ್ರಮತಿ ಲೋಹಿತಾಶ್ವನ ಶವದ ಮುಂದೆ ಗೋಳಿಡುವ ಪದ್ಯ ಬಂದರೆ ಸ್ವರ ಏಳುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ತಮ್ಮ ತೀರಿಕೊಂಡಿದ್ದ.

“ನೀಲಾಂಬರಿ ರಾಗ ಎತ್ತಿದರೆ ಅಮ್ಮ ಅತ್ತದ್ದೇ ಕೇಳುತ್ತದೆ ಮೇಡಂ. ಅದಕ್ಕೆ ತಾಳ ಎಣಿಸಿಕೊಂಡು ಹಾಡಿ ಮುಗಿಸುತ್ತೇನೆ. ಪದ್ಯ ತಪ್ಪುವುದಿಲ್ಲ. ಆದರೆ ಸುಳ್ಳು ಹಾಡಿದ ಹಾಗಾಗುತ್ತದೆ.”

ನನ್ನ ಮೊದಲ ಸಲಹೆ ತಪ್ಪಾಗಿತ್ತು. ದುಃಖವನ್ನು ತಡೆಯಬೇಡಿ, ಬಂದರೆ ಬರಲಿ ಎಂದೆ. ನನ್ನ ಕೊಠಡಿಯೊಳಗೆ ಸಲ್ಲುವ ಮಾತು ಅದು, ರಂಗಸ್ಥಳಕ್ಕಲ್ಲ. ಮುಂದಿನ ವಾರವೇ ಪದ್ಯದ ನಡುವೆ ಬಿಕ್ಕಿಬಿಟ್ಟರು. ಮದ್ದಳೆಯವರು ನುಡಿಸುತ್ತಾ ಹೇಗೋ ತೂಗಿಸಿದರು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರಂತೆ. ಇವರಿಗೋ, ಅಮ್ಮನ ಅಳುವನ್ನು ಮಾರಿ ಬಂದಂತಾಯಿತು.

ಅಳು ಒತ್ತರಿಸಿ ಬಂದಾಗ ಉಸಿರು ಎಳೆದುಕೊಳ್ಳಲು ದೇಹವು ಗಂಟಲ ದ್ವಾರವನ್ನು ಅಗಲಿಸಿಡಲು ನೋಡುತ್ತದೆ. ಹಾಡಲು ಧ್ವನಿತಂತುಗಳು ಕೂಡಬೇಕು. ಗಂಟಲಲ್ಲಿ ಗಂಟು ಕಟ್ಟುವುದು ಈ ಜಗ್ಗಾಟದಿಂದ. ಇಷ್ಟು ಹೇಳಿದ್ದಕ್ಕೇ ಅವರ ಮುಖ ಸಡಿಲವಾಯಿತು. ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರುವಿನ ಜೊತೆ ಸ್ವರಭಂಗವನ್ನೂ ಸೇರಿಸಿದೆಯಲ್ಲ ಎಂದೆ, ಸ್ವಲ್ಪ ಪಾಂಡಿತ್ಯ ತೋರಿಸುವ ಆಸೆಯಿಂದ. “ಅದು ವೇಷಧಾರಿಗೆ ಹೇಳಿದ್ದು, ಭಾಗವತನಿಗಲ್ಲ” ಎಂದು ತಿದ್ದಿದರು.

ಆ ತಿದ್ದುಪಡಿ ಉಪಕಾರವಾಯಿತು. ಹಾಡುವಾಗ ಏನು ನೋಡುತ್ತೀರಿ ಎಂದು ಕೇಳಿದೆ. ಕೈಯಲ್ಲಿರುವ ತಾಳ, ಎಂದರು. ಆ ವರ್ಷವಿಡೀ ಚಂದ್ರಮತಿಯ ಕಡೆ ಅವರು ಕಣ್ಣೆತ್ತಿಯೇ ಇರಲಿಲ್ಲ! ಸುಳ್ಳೆನಿಸಲು ಕಾರಣ ತಾಳದ ಲೆಕ್ಕವಲ್ಲ, ಜೊತೆಗಿದ್ದ ವೇಷವನ್ನು ಕೈಬಿಟ್ಟದ್ದು ಎಂದು ನನಗೆ ತೋರಿತು. ಹಿಂದಿರುವ ಭಾಗವತರಿಗೆ ಆಗ ಕಾಣುವುದು ವೇಷದ ಬೆನ್ನು ಮಾತ್ರ. ಆ ಹೆಗಲನ್ನೇ ನೋಡಿ, ಅದು ಕುಸಿದಷ್ಟು ಹೊತ್ತು ಆಲಾಪ ಎಳೆಯಿರಿ ಎಂದೆ.

ಅದಕ್ಕೆ ಮೊದಲು ಎರಡು ವಾರ ಆ ಪದ್ಯವನ್ನು ಸಹಭಾಗವತರಿಗೆ ಬಿಟ್ಟುಕೊಡಲು ಹೇಳಿದೆ. ಮನೆಯಲ್ಲಿ ಶ್ರುತಿಯಿಲ್ಲದೆ ಸಾಹಿತ್ಯವನ್ನಷ್ಟೇ ಓದುವುದು, ಆಮೇಲೆ ತಗ್ಗಿನ ಶ್ರುತಿಯಲ್ಲಿ ಗುನುಗುವುದು. ಬಿಗಿಯಾದರೆ ನಿಲ್ಲಿಸಿ ಉಸಿರನ್ನು ನಿಧಾನವಾಗಿ ಬಿಡುವುದು. ತಮ್ಮನ ಬಗ್ಗೆ ಮಾತಾಡಲು ಪ್ರತಿ ಬುಧವಾರ ಮಧ್ಯಾಹ್ನ ನನ್ನಲ್ಲಿ ಒಂದು ಗಂಟೆ. ಆಟ ಮುಗಿದು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಮುಂಡಾಸು ಬಿಚ್ಚುವಾಗ ಅವನ ಹೆಸರನ್ನು ಒಮ್ಮೆ ಮನಸ್ಸಿನಲ್ಲೇ ಕರೆಯುವುದು ಅವರೇ ಹುಡುಕಿಕೊಂಡ ಕ್ರಮ.

ಮೇ ಕೊನೆಯ ಪತ್ತನಾಜೆಗೆ ಮೇಳದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುವ ಹೊತ್ತಿಗೆ ಮೂರು ಸಲ ಪೂರ್ತಿ ಹಾಡಿದ್ದರು. ಒಮ್ಮೆ ಸ್ವರ ನಡುಗಿತಂತೆ, ನಿಲ್ಲಲಿಲ್ಲವಂತೆ. ಅಮ್ಮನನ್ನು ಆಟಕ್ಕೆ ಕರೆಯಲೇ ಎಂದು ಕೇಳಿದರು. ನೀವಾಗಿ ಕರೆಯಬೇಡಿ, ಅವರು ಬರುತ್ತೇನೆಂದರೆ ಬೇಡವೆನ್ನಬೇಡಿ ಎಂದೆ.